ಹೇಳಬ್ಯಾಡ

ಮ್ಯಾಲಿಂದ ಕೆಳಕ್ಕ ಹೊದಿಸ್ಯಾರ ಹಂಚು, ಕಾಲೇಜಿನ ಹುಡುಗರು.
ಸೂರಿನಿಂದ ಶುರು ಮಾಡಬೇಕಂತ ಯಾರೂ ಹೇಳಿಲ್ಲ.
ಮ್ಯಾಲಿನದರ ತುಟಿ ಕೆಳಗಿನದರ ಅಡಿಗೆ ಸಿಕ್ಕು
ನೀರು ನೆಟ್ಟಗ ಒಲಿಗೆ.

ವಾಳಪೈಯಾಗ ಜೂನಿಗೆ ಇನ್ನ ಒಂಬತ್ತ ದಿನ.
ರೀಪಿನ ಅಂತರ ಇಲ್ಲಿ ಗೇಣು, ಅಲ್ಲಿ ಮೊಳ,
ಮನಸ್ಸಿಗೆ ಬಂದಷ್ಟು. ಮೊಳಿ ಮಾತ್ರ
ಒಂದಿರೋ ಕಡೆ ಮೂರು. ಅಂಜಿಕಿ.

ಇಳಿಸ್ತಾ ಇಳಿಸ್ತಾ ಬೈದೆ.
ಕೆಳಗಿಂದ ಸೆರಾಫೀನಾಬಾಯಿ, ಅರ್ಧ ಕೊಂಕಣಿಯಾಗ:
"ಬೈಬ್ಯಾಡ ಬಸಲಿಂಗಾ, ಅಂಗೈ ತುಂಬ
ಬೊಬ್ಬಿ ಎದ್ದಿದ್ವು ಪಾಪ. ಐತವಾರ ನೋಡಾಕ ಬರ್ತಾರ.
ಹೇಳಬ್ಯಾಡ."

ಎಲ್ಲಾ ತಿರುಗಿ ಹೊದಿಸಿದೆ.
ಒಂದರ ಹೊಟ್ಟಿಗೆ ಸುಣ್ಣದ ಕೈಗುರುತು, ಐದೂ ಬೆರಳು.
ಅದೊಂದನ್ನ ಅವರು ಇಟ್ಟಂಗ ಬಿಟ್ಟೀನಿ.

ಸೋರಿದರ ಅಲ್ಲೇ ಸೋರತೈತಿ.
ಕೆಳಗ ಆಕಿ ಈಗಲೇ ಒಂದು ಡಬರಿ ಇಟ್ಟಾಳ.