ಒತ್ತಕ್ಷರ

ಏಪ್ರಿಲ್ ಹತ್ತು ದಾಟಿದರೆ ಸುಲ್ತಾನ್‌ಪೇಟೆಗೆ
ಪರೀಕ್ಷೆ ಮುಗಿದ ಪುಸ್ತಕಗಳ ಸುಗ್ಗಿ.
ಇಲಿಯಾಸ್ ಸಾಬರ ತಕ್ಕಡಿಯಲ್ಲಿ
ಗಣಿತಕ್ಕೂ ಸಮಾಜಕ್ಕೂ ಒಂದೇ ರೇಟು,
ರಟ್ಟಿದ್ದರೆ ಕಿಲೋಗೆ ಒಂದು ರೂಪಾಯಿ ಕಮ್ಮಿ.

ನಾನು ನೋಡುವುದು ಕೊನೆಯ ಹಾಳೆಗಳನ್ನು.
ಈ ಊರಲ್ಲಿ ಯಾವ ಮಗುವೂ ಪುಸ್ತಕ ಪೂರ್ತಿ ಬರೆಯುವುದಿಲ್ಲ.
ಜೂನ್‌ನಲ್ಲಿ ದುಂಡಗೆ, ಅಂಚು ಬಿಟ್ಟು, ಕೆಂಪು ಗೆರೆ ಎಳೆದು;
ಆಗಸ್ಟಿಗೆ ಅಕ್ಷರ ವಾಲುತ್ತದೆ;
ಫೆಬ್ರವರಿಯಲ್ಲಿ ಒಂದು ವಿಮಾನದ ಚಿತ್ರ,
ಆಮೇಲೆ ಬರೀ ಬಿಳಿ.

ಮೊದಲು ಆ ಬಿಳಿ ಹೋಟೆಲಿನ ಬಿಲ್ಲಿನ ಚೀಟಿಯಾಗುತ್ತಿತ್ತು.
ಈಗ ಹೊಲಿಯುತ್ತೇನೆ.
ದಬ್ಬಳ, ಮೇಣ ತೀಡಿದ ದಾರ,
ಚಿಟಿಕೆ ಮೈಲುತುತ್ತ ಬೆರೆಸಿದ ಮೈದಾ ಗೋಂದು.
ಅಲ್ಲಿಯೂ ಇಲಿಗಳಿವೆಯಂತೆ.

ಅಲ್ಲಿ ಅಂದರೆ ಮಲಾವಿ. ಲಿಂಬಾನಿ ಹೇಳಿದ್ದು.
ಹೆಣ್ಣೂರಿನಲ್ಲಿ ರೂಮು, ಫಾರ್ಮಸಿ ಓದು;
ರಿಪೋರ್ಟು ಬೈಂಡ್ ಮಾಡಿಸಲು ಬಂದವನು
ನನ್ನ ಕಾಲ ಬಳಿಯ ಬಿಳಿ ಗುಡ್ಡೆ ನೋಡಿ ನಿಂತುಬಿಟ್ಟ.
"ಇದು ಕಸವಾ, ಆಂಟಿ?"

ಅವನ ಅಮ್ಮ ಹಳ್ಳಿಯಲ್ಲಿ ಮೂರನೇ ಕ್ಲಾಸಿನ ಟೀಚರು.
ತೊಂಬತ್ತಾರು ಮಕ್ಕಳು.
ಒಂದು ಪೆನ್ಸಿಲ್ಲು, ಬ್ಲೇಡಿನಿಂದ ಮೂರು ತುಂಡು.
ಪುಸ್ತಕ ಮುಗಿದ ಮಗು ಮುಂದಿನ ಜೋಳದ ಕೊಯ್ಲಿನವರೆಗೆ
ನೆಲದ ಮೇಲೆ ಬರೆಯುತ್ತದೆ,
ಗಾಳಿ ತಿದ್ದುತ್ತದೆ.
ಇಷ್ಟನ್ನೂ ಅವನು,
ನಮ್ಮ ಬೀದಿಗೆ ನೀರು ಎರಡು ದಿನಕ್ಕೊಮ್ಮೆ
ಅಂತ ನಾನು ಹೇಳುವ ಹಾಗೆ ಹೇಳಿದ.

ಜಯಶೀಲ ಕೇಳಿದಳು, ಗೋಂದಿನ ಕೈಯಲ್ಲೇ:
"ನಮ್ಮ ಮಾಗಡಿ ರೋಡಿನ ಸ್ಕೂಲಲ್ಲೇ ಇಲ್ಲದ ಮಕ್ಕಳಿಲ್ಲವಾ ಅಕ್ಕಾ?
ಸಮುದ್ರ ದಾಟಿಸಬೇಕಾ?"
ಇದ್ದಾರೆ. ಅವರಿಗೂ ನಲವತ್ತು ಹೊಲಿದೆವು.
ದಬ್ಬಳಕ್ಕೆ ಗಡಿ ಗೊತ್ತಿಲ್ಲ ಅನ್ನುವುದು ಭಾಷಣದ ಮಾತು;
ನಿಜ ಇಷ್ಟೇ, ಕೇಳಿದವನು ಎದುರಿಗಿದ್ದ.

ದಾನ ಅನ್ನಬೇಡಿ ಇದನ್ನು.
ಉಂಡೆದ್ದವರ ಎಲೆಯ ತುದಿಯ ಅನ್ನ;
ಬಡಿಸುವಾಗ ಕೈ ಸ್ವಲ್ಪ ತಡೆಯಿತು.
ಅದಕ್ಕೇ ರಟ್ಟು ಹೊಸದು ಹಾಕಿದೆ, ನನ್ನ ಕೂಲಿಯಲ್ಲಿ.
ನೀಲಿ ಬೆನ್ನುಪಟ್ಟಿ. ಮೂಲೆಗೆ ಬಟ್ಟೆ.

ಇಪ್ಪತ್ತಮೂರು ಕಿಲೋ, ವಿಮಾನದವರ ಲೆಕ್ಕ.
ರಜೆಗೆ ಹೊರಟ ಲಿಂಬಾನಿ ಶೂ ತೆಗೆದಿಟ್ಟ, ಎರಡು ಪ್ಯಾಂಟು,
ಅಕ್ಕನಿಗೆಂದು ಚಿಕ್ಕಪೇಟೆಯಲ್ಲಿ ಕೊಂಡ ಕುಕ್ಕರನ್ನೂ.
ಕುಕ್ಕರು ಈಗ ನನ್ನ ಅಟ್ಟದ ಮೇಲಿದೆ.

ಅವನು ಮರಳಿದಾಗ ಒಂದು ಹಾಳೆ ವಾಪಸು ಬಂತು.
ಪೆನ್ಸಿಲ್ ಉಜ್ಜಿ ಉಜ್ಜಿ ಪೂರ್ತಿ ಕಪ್ಪಾದ ಹಾಳೆ,
ನಡುವೆ, ಬಿಳಿ ಇರುವೆ ಸಾಲಿನ ಹಾಗೆ, ಕನ್ನಡ!
ಇಲ್ಲಿ ಯಾರದೋ ಬಾಲ್‌ಪೆನ್ನು
ಮೇಲಿನ ಪುಟದಲ್ಲಿ ಒತ್ತಿ ಬರೆದದ್ದು
ಕೆಳಗಿನ ಬಿಳಿಗೆ ಇಳಿದು ಕೂತಿತ್ತು.
ಹೊಲಿಯುವಾಗ ನನ್ನ ಬೆರಳಿಗೆ ಸಿಗದ್ದು
ತಡಾಲಾ ಎಂಬ ಹುಡುಗಿಗೆ ಸಿಕ್ಕಿದೆ.
ಇದು ಬಳ್ಳಿಯೋ, ಬಳೆಯೋ,
ಇಷ್ಟು ದುಂಡಗೆ ಏನು ಬರೆದರು ಅಂತ ಕೇಳಿದ್ದಾಳೆ.

ನನ್ನದು ನಾಲ್ಕನೇ ಕ್ಲಾಸು. ಕೂಡಿಸಿ ಕೂಡಿಸಿ ಓದಿದೆ:
"ಮಾನ್ಯರೇ, ಜ್ವರ ಬಂದ ಕಾರಣ
ಎರಡು ದಿನ ಶಾಲೆಗೆ ಬರಲು ಆಗಲಿಲ್ಲ."
ಆ ಕೊನೆಯ ಲಕಾರದ ಒತ್ತು, ಕಾಗದ ಹರಿಯುವಷ್ಟು ಆಳ.
ಹೆಸರಿರಬೇಕಾದ ಕಡೆ ನನ್ನ ಹೊಲಿಗೆಯ ತೂತು.

ಯಾರ ಜ್ವರ? ನಿಜದ್ದೋ, ಸುಳ್ಳೋ?
ಜಯಶೀಲ ನಕ್ಕಳು. ಸಾಬರೂ ನಕ್ಕರು,
ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು.

ಉತ್ತರ ಕಳಿಸಬೇಕಲ್ಲ.
ಒಂದು ಬಿಳಿ ಹಾಳೆಯ ಕೆಳಗೆ ಇನ್ನೊಂದು ಬಿಳಿ ಇಟ್ಟು ಬರೆದೆ,
ಜ್ವರ ಬಿಟ್ಟಿದೆ ಅಂತ.
ಮೇಲಿನದು ನನ್ನ ಹತ್ತಿರವೇ ಇದೆ;
ಕೆಳಗಿನದು, ಏನೂ ಕಾಣದ್ದು, ಮುಂದಿನ ಪೆಟ್ಟಿಗೆಗೆ.

ಎಲ್ಲಕ್ಕಿಂತ ಮೊದಲು ಬರೆದದ್ದು ತಡಾಲಾ.
ಆ ಹೆಸರಿನಲ್ಲಿ ಒತ್ತಕ್ಷರವಿಲ್ಲ.
ಆದರೂ ಒತ್ತಿಯೇ ಬರೆದೆ.