ನಾಲ್ಕು ಪೀಪಾಯಿ

ತಫೀಲಾದ ಇಳಿಜಾರಿನಲ್ಲಿ ಉಮ್ಮ್ ಜರೀರಳ ಮನೆ.
ಮಂಗಳವಾರ ಮಾತ್ರ ನಲ್ಲಿಗೆ ಜೀವ.
ಉಳಿದ ಆರು ದಿನ
ಮಾಳಿಗೆ ಮೇಲಿನ ತಗಡಿನ ತೊಟ್ಟಿಯನ್ನು ಬೆರಳ ಗೆಣ್ಣಿನಿಂದ ಬಡಿದು
ಸದ್ದು ಎಲ್ಲಿ ಬದಲಾಗುತ್ತದೆಂದು ಕೇಳುವುದು.

ನಾನು ರುವೈದಾ, ಕೊಳಾಯಿ ಕೆಲಸದವಳು.
ಗಂಡಸರಿಲ್ಲದ ಹೊತ್ತಿನಲ್ಲೂ ಒಳಗೆ ಬರಬಲ್ಲಳು ಎಂದು
ಕರೆಯುತ್ತಾರೆ, ಮೆಚ್ಚಿ ಅಲ್ಲ.
ಮೆಚ್ಚುವುದೆಲ್ಲ ಆಮೇಲೆ, ಸೋರುವುದು ನಿಂತ ಮೇಲೆ.

ಮೊದಲು ಬಚ್ಚಲಿನ ನೆಲ ಒಡೆದೆ.
ಕಕ್ಕಸಿನ ಕೊಳವೆ ಅದರ ದಾರಿಗೆ ಅದು.
ಮುಸುರೆ, ಮಿಂದ ನೀರು,
ನಮಾಜಿಗೆ ಮುನ್ನ ಕೈಕಾಲು ತೊಳೆದ ನೀರು, ಬಟ್ಟೆ ಒಗೆದ ನೊರೆ,
ಇವಿಷ್ಟಕ್ಕೂ ಬೇರೆ ಸಂಸಾರ ಹೂಡಬೇಕು.
ಮೂವತ್ತು ವರ್ಷ ಒಂದೇ ಕೊಳವೆಯಲ್ಲಿ ಬಾಳಿದವರಿಗೆ
ಪಾಲು ಮಾಡಿಕೊಡುವ ಪಂಚಾಯ್ತಿ ನನ್ನದು.

ಅಂಗಳದಲ್ಲಿ ನಾಲ್ಕು ನೀಲಿ ಪೀಪಾಯಿ ಕುತ್ತಿಗೆವರೆಗೆ ಹೂತೆ.
ಮೊದಲನೆಯದರಲ್ಲಿ ಜಿಡ್ಡು ತೇಲಿ ಗಸಿ ಕೂರಬೇಕು.
ನಡುವಿನ ಎರಡಕ್ಕೆ ಜಲ್ಲಿ, ತೂತು ತೂತಿನ ಕಪ್ಪು ಕಲ್ಲು.
ಕೊನೆಯದರಲ್ಲಿ ತೇಲುಗುಂಡಿನ ಪುಟ್ಟ ಪಂಪು.
ಅಲ್ಲಿಂದ ಹನಿಕೊಳವೆ:
ಆಲಿವ್ ಮರ ಹನ್ನೊಂದು, ದಾಳಿಂಬೆ ಒಂದು.

ಪುದೀನಕ್ಕೆ ಬೇಡ, ಹಸಿ ತಿನ್ನುವ ಯಾವ ಸೊಪ್ಪಿಗೂ ಬೇಡ ಎಂದೆ.
‘ಹಾಗಾದರೆ ಹೊಲಸು,’ ಎಂದಳು ಉಮ್ಮ್ ಜರೀರ್.
‘ಅಲ್ಲ.’
‘ಹಾಗಾದರೆ ಚೊಕ್ಕಟ.’
‘ಅದೂ ಅಲ್ಲ.’
ಸೊಸೆ ಹನಾದಿ ಕಾಗದ ನೋಡಿ ಓದಿದಳು: ಬೂದು ನೀರು.
‘ಯಾರ ಕಣ್ಣಿಗೆ ಬೂದು?
ಮುಲೂಖಿಯಾ ತೊಳೆದ ದಿನ ಹಸಿರು,
ಮೊಮ್ಮಗಳ ಹೊಸ ಸಮವಸ್ತ್ರ ನೆನೆಸಿದ ದಿನ ನೀಲಿ.
ನನ್ನ ಬಕೆಟ್ಟನ್ನು ನೀನು ನೋಡಿಲ್ಲ.’

ಕ್ಲೋರಿನ್ ಬಾಟಲಿ ಬಿಡಿ ಎಂದಾಗ
ಹನಾದಿಯ ಮುಖ ಸಣ್ಣದಾಯಿತು.
ತಂತಿಯ ಮೇಲಿನ ಬಿಳುಪು ಎಂದರೆ
ಎದುರು ಮನೆಯ ಕಿಟಕಿಗೆ ಕೊಡುವ ಉತ್ತರ.
ಬೇರಿಗೆ ಅದು ವಿಷ ಎಂದೆ.
ಬೇರು ಯಾರಿಗೆ ಕಾಣುತ್ತದೆ, ಎಂದಳು.

ತಿಂಗಳು ಕಳೆಯಲಿಲ್ಲ, ಫೋನು:
ಪಂಪು ಏಳುತ್ತಲೇ ಇಲ್ಲ.

ಹೋಗಿ ಮುಚ್ಚಳ ತೆಗೆದೆ. ಗೇಣು ನೀರು.
ಸೋರಿಕೆ ಹುಡುಕಿದೆ, ಇಲ್ಲ. ಕಟ್ಟಿದೆಯೇ ನೋಡಿದೆ, ಇಲ್ಲ.
ಆರು ಜನ ಮೀಯುವ, ಉಣ್ಣುವ ಮನೆ,
ಲೆಕ್ಕ ಎಲ್ಲೋ ತಪ್ಪುತ್ತಿದೆ.
ಬಿಗಿಯಾದ ತಿರುಪನ್ನೇ ಮತ್ತೆ ಬಿಗಿಯುತ್ತ
ಸಂಜೆವರೆಗೆ ಅಂಗಳದಲ್ಲೇ ಕೂತೆ.

ಮಗ್ರಿಬ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು.
ಹಿಂಬಾಗಿಲಿನಿಂದ ಬಂದಳು ಮುದುಕಿ,
ಎಡಕ್ಕೆ ವಾಲಿಕೊಂಡು, ಕೈಯಲ್ಲಿ ಹಳೆಯ ಎಣ್ಣೆ ಡಬ್ಬಿಯ ಬಕೆಟ್ಟು.
ಒಂದು ಸಲ, ಎರಡು ಸಲ, ಐದು ಸಲ.
ದಾಳಿಂಬೆಯ ಬುಡಕ್ಕಲ್ಲ, ಬುಡದಿಂದ ಮೊಳ ದೂರ, ಸುತ್ತಲೂ.
ಅಲ್ಲಿ ನನ್ನ ಹನಿಕೊಳವೆಯನ್ನು
ಮಡಚಿ, ದಾರ ಸುತ್ತಿ,
ಕಾಳಿನ ಚೀಲದ ಬಾಯಿ ಕಟ್ಟಿದಂತೆ ಕಟ್ಟಿದ್ದಳು.

ನನ್ನನ್ನು ಕಂಡರೂ ಕೈ ನಿಲ್ಲಿಸಲಿಲ್ಲ.
‘ನಿನ್ನ ಪಂಪು ಎಲ್ಲಕ್ಕೂ ಒಂದೇ ಥರ ಬಡಿಸುತ್ತದೆ.
ಇದು ಕಾಯಿ ಬಲಿಯುವಾಗ ಒಂದು ದಿನ ಕಡಿಮೆ ಕೊಟ್ಟು
ಮರುದಿನ ಹೆಚ್ಚು ಕೊಟ್ಟರೆ ಮುಗಿಯಿತು, ಬಿರಿಯುತ್ತದೆ.
ನಾದಿನಿಯ ಮನೆ ಮದುವೆಗೆಂದು ನಾಲ್ಕು ದಿನ ಹೋಗಿದ್ದೆ.
ಬಂದು ಪಾಪ ಎಂದು ಒಮ್ಮೆಗೇ ಹೊಯ್ದೆ.
ಆ ವರ್ಷದ ಹಣ್ಣೆಲ್ಲ ಇರುವೆಗೆ.’

ಮನೆ ಮನೆಯ ಕೊಳವೆ ಬಲ್ಲೆ ನಾನು.
ಇದು ಗೊತ್ತಿರಲಿಲ್ಲ.

ದಾಳಿಂಬೆಯ ಕವಲನ್ನು ಕತ್ತರಿಸಿ ಬಿರಡೆ ಹಾಕಿದೆ.
ಅಡುಗೆಮನೆ ತೊಟ್ಟಿಯ ಕೆಳಗೆ ಒಂದು ಪುಟ್ಟ ತಿರುಗುಬಿರಡೆ:
ಈ ಕಡೆ ತಿರುಗಿಸಿದರೆ ಬಕೆಟ್ಟಿಗೆ, ಆ ಕಡೆ ಪೀಪಾಯಿಗೆ.
ತೇಲುಗುಂಡಿನ ದಾರ ಗೇಣು ತಗ್ಗಿಸಿದೆ,
ಇದ್ದಷ್ಟಕ್ಕೇ ಪಂಪು ಏಳಲಿ.
ಕಾಗದದಲ್ಲಿ ಹನ್ನೆರಡು ಮರ ಎಂದಿದ್ದನ್ನು ತಿದ್ದಿ
ಹನ್ನೊಂದು ಎಂದು ಬರೆದೆ.

‘ಆ ಬಕೆಟ್ಟಿಗೂ ಕ್ಲೋರಿನ್ ಬೇಡ,’ ಎಂದೆ ಹೊರಡುವಾಗ.
ಕೇಳಿಸದವಳಂತೆ
ಬಕೆಟ್ಟನ್ನು ಗೋಡೆಯ ಪಕ್ಕ ಬೋರಲು ಹಾಕಿದಳು,
ಆಮೇಲೆ ಏನೋ ನೆನಪಾಗಿ ಎತ್ತಿ,
ತಳದಲ್ಲಿ ಉಳಿದಿದ್ದ ಹನಿಗಳನ್ನು
ಹತ್ತಿರದ ಆಲಿವ್‌ಗೆ ಕೊಡವಿದಳು.