ನಾಲ್ಕನೆಯ ಸಾಲು

ನರೀನ್ ನದಿ ಹೆಪ್ಪುಗಟ್ಟಿದ ಮೇಲೆ ನಮ್ಮ ಶಾಲೆಗೆ ಸದ್ದಿಲ್ಲ.
ಕಲ್ಲಿದ್ದಲಿನ ಒಲೆಯೊಂದು, ಮೂವತ್ತೊಂದು ಮಕ್ಕಳು,
ಸೋವಿಯತ್ ಕಾಲದ ಸೂಕ್ಷ್ಮದರ್ಶಕ, ಒಂದೇ ಒಂದು.
ಅದರ ಕನ್ನಡಿಗೆ ಬಿಸಿಲು ಬೇಕು; ಬಿಸಿಲು
ಹನ್ನೊಂದರಿಂದ ಹನ್ನೆರಡೂವರೆ, ಅದೂ ಬೆಟ್ಟ ಬಿಟ್ಟುಕೊಟ್ಟರೆ.

ಆ ದಿನ ಬಿಟ್ಟುಕೊಟ್ಟಿತು.
ಬೆಂಕಿಕಡ್ಡಿಯಿಂದ ಕೆನ್ನೆಯ ಒಳಗೋಡೆ ಮೆಲ್ಲಗೆ ಕೆರೆದು
ಗಾಜಿಗೆ ಸವರಿ, ಗಂಟಲಿಗೆ ಹಚ್ಚುವ ನೀಲಿ ತೊಟ್ಟಿಕ್ಕಿಸಿ
ಸಾಲಾಗಿ ನಿಂತರು. ಮೊದಲು ಬಗ್ಗಿದವನು ಕುಬಾನ್:
“ಎಜೆ, ಬೇಸಿಗೆಯ ಹುಲ್ಲುಗಾವಲನ್ನು
ಹದ್ದು ನೋಡಿದ ಹಾಗಿದೆ.
ಎಷ್ಟೊಂದು ಗುಡಾರ!
ಒಂದೊಂದರೊಳಗೂ ಒಂದೊಂದು ಒಲೆ.”
ನನ್ನ ಪಠ್ಯದಲ್ಲಿ ಇಷ್ಟು ಒಳ್ಳೆಯ ವಾಕ್ಯ ಎಲ್ಲೂ ಇಲ್ಲ.

ಒಲೆಯೊಳಗೇನಿದೆ? ಹಿಂದಿನಿಂದ ಯಾರೋ ಕೇಳಿದರು.
ನೂಲು, ಅಂದೆ. ನಲವತ್ತಾರು ಎಳೆ.
ಅರ್ಧ ಅಮ್ಮ ಕೊಟ್ಟದ್ದು, ಅರ್ಧ ಅಪ್ಪ.

ಅಲ್ಲಿಗೆ ನಿಲ್ಲಿಸಬಹುದಿತ್ತು.
ಮೂವತ್ತು ವರ್ಷ ಹೇಳಿದ ಪಾಠ, ಬಾಯಿ ತಾನಾಗಿ ಮುಂದುವರಿಸಿತು:
ನಾಲಿಗೆಯನ್ನು ದೋಣಿಯಂತೆ ಮಡಿಸುವುದು ಒಂದೇ ಜೀನಿನ ಕೆಲಸ;
ಮಡಿಸುವುದು ಪ್ರಬಲ, ಮಡಿಸಲಾಗದ್ದು ದುರ್ಬಲ.
ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ,
ದೊಡ್ಡಕ್ಷರ, ಚಿಕ್ಕಕ್ಷರ, ಕೆಳಗೆ ಎರಡು ಗೆರೆ ಎಳೆದು:
ಮಡಿಸಲಾರದ ಇಬ್ಬರಿಗೆ
ಮಡಿಸುವ ಮಗು ಹುಟ್ಟುವುದಿಲ್ಲ.
ಮನೆಗೆಲಸ: ಮನೆಮಂದಿಯ ನಾಲಿಗೆ ನೋಡಿ ಬನ್ನಿ.

ಎಲುಬಿಲ್ಲದ ನಾಲಿಗೆ ಅನ್ನುತ್ತಾರಲ್ಲ,
ಅದು ನನ್ನದು.

ಮರುದಿನ ಕುಬಾನ್ ಬರಲಿಲ್ಲ. ಅದರ ಮರುದಿನ ಬಂದ,
ಕೊನೆಯ ಬೆಂಚಿಗೆ. ಅವನ ಹಾಳೆಯಲ್ಲಿ ಮೂರು ಸಾಲು:
ಅಮ್ಮ, ಇಲ್ಲ. ಅಪ್ಪ, ಇಲ್ಲ. ನಾನು, ಹೌದು.
ನಾಲ್ಕನೆಯದನ್ನು ಬರೆದು ರಬ್ಬರಿನಿಂದ ಉಜ್ಜಿದ್ದ.
ಕಿಟಕಿಗೆ ಹಿಡಿದೆ. ಪೆನ್ಸಿಲಿನ ಗಾಯ ಉಳಿದಿತ್ತು:
ಹಾಗಾದರೆ ನಾನು ಯಾರ

ಅವನಪ್ಪ ಸಗಿನ್, ಕುದುರೆಗೆ ಲಾಳ ಹೊಡೆಯುವವನು.
ಅವನ ಅಗಲ ಕಿವಿ, ಅವನ ಮುಂಗೋಪ, ಎರಡೂ ನಿನಗಿವೆ ಮಗು
ಎನ್ನಬಹುದಿತ್ತು.
ಅದು ಸಮಾಧಾನ. ಸಾಕ್ಷ್ಯವಲ್ಲ.

ರಾತ್ರಿ ಉಳಿದ ಹಾಳೆಗಳನ್ನೆಲ್ಲ ನೆಲಕ್ಕೆ ಹರವಿಕೊಂಡು ಕೂತೆ.
ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು, ಜಾಮಿನ ಕಲೆ:
ಬಾತ್ಮಾ, ಹೌದು.
ಝೂರಾ, ಇಲ್ಲ.
ರಿಬ್ಬನ್ನಿನ ಬಣ್ಣ ಬಿಟ್ಟರೆ ಅಮ್ಮನಿಗೇ ಗುರುತು ಸಿಗದ ಅವಳಿ.
ಸಂಶಯ ನನ್ನನ್ನು ಬಿಡಲಿಲ್ಲ. ಬೆಳಗ್ಗೆ ಆಸ್ಪತ್ರೆಗೆ ಹೋಗಿ
ಹಳೆಯ ದಾಖಲೆ ತೆಗೆಸಿದೆ. ಒಂದೇ ಮಾಸು.
ಒಂದೇ ಮೊಟ್ಟೆ ಸೀಳಿ ಇಬ್ಬರಾದವರು. ಅದೇ ನೂಲು, ಎಳೆ ಎಳೆಯೂ.

ಚೌಕವನ್ನು ಮತ್ತೆ ಬರೆದೆ. ಕೇಳಿದೆ:
ಈ ನಿಯಮ ನಿಜವಾದರೆ ಇವರಿಬ್ಬರ ನಾಲಿಗೆ ಹೇಗಿರಬೇಕು?
ಒಂದೇ ಥರ.
ಇದೆಯೇ?
ಝೂರಾ ಕಣ್ಣಲ್ಲಿ ನೀರು ಬರುವವರೆಗೂ ಯತ್ನಿಸಿದಳು.
ಒಲೆಯಲ್ಲಿ ಕಲ್ಲಿದ್ದಲು ಚಟಪಟ ಅಂದಿತು.
ಕೊನೆಯ ಬೆಂಚಿನಿಂದ, ಮೂರು ದಿನದಲ್ಲಿ ಮೊದಲ ಮಾತು:
“ಹಾಗಾದರೆ ನಿಯಮವೇ ತಪ್ಪು.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಗಾದೆ.
ನಾನು ಕಂಡೂ ಇರಲಿಲ್ಲ, ಓದಿದ್ದೆ ಅಷ್ಟೆ.
ಡಸ್ಟರ್ ಅವನ ಕೈಗಿಟ್ಟೆ.
ಒಂದೊಂದೇ ಮನೆಯನ್ನು ನಿಧಾನ ಒರೆಸಿದ,
ಮೂಲೆಗಳನ್ನೂ ಬಿಡದೆ.
“ಮತ್ತೆ ನಿಜ ಏನು, ಎಜೆ?”
ಪೂರ್ತಿ ಗೊತ್ತಿಲ್ಲ, ಅಂದೆ.
ಅದನ್ನೇ ಬರೆದುಕೊಂಡರು, ದಿನಾಂಕ ಹಾಕಿ.

ಸಂಜೆ ಗೇಟಿನಲ್ಲಿ ಸಗಿನ್, ಕುದುರೆಯ ಮೇಲೆ,
ಆ ಕೊರೆಯುವ ಚಳಿಯಲ್ಲಿ ನಾಲಿಗೆ ಚಾಚಿ
ಮಡಿಸಲು ಹೆಣಗುತ್ತಿದ್ದ. ಮಗ ಬೆರಳಿಂದ ತೋರಿಸಿಕೊಡುತ್ತಿದ್ದ,
ಹೀಗಲ್ಲ, ಹೀಗೆ.

ಮೂವತ್ತು ವರ್ಷ. ಎಷ್ಟು ಹಾಳೆಗೆ ಕೆಂಪು ಶಾಯಿಯಲ್ಲಿ ಸರಿ ಹಾಕಿದೆನೋ,
ಯಾವ ಮನೆಯಲ್ಲಿ ಯಾರು ಯಾವ ಸಾಲು ಉಜ್ಜಿದರೋ.
ಹೆಸರು ನೆನಪಿದ್ದವರಿಗೆ ಕಾಗದ ಬರೆಯುತ್ತಿದ್ದೇನೆ.
ಈವರೆಗೆ ಹದಿನೇಳು.